‘ಸ್ವಲ್ಪ ಬಾಯಿ ಕಟ್ಟಿ’ ಎನ್ನುವ ಮುನ್ನ: ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,

ತೂಕದ ಯಂತ್ರದ ಮೇಲೆ ನಮ್ಮನ್ನು ನಿಲ್ಲಿಸಿ, ಬಂದ ಅಂಕಿಯನ್ನು ಬರೆದುಕೊಂಡು, ‘ಸ್ವಲ್ಪ ಬಾಯಿ ಕಟ್ಟಿ, ದಿನಾ ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಹೇಳಿ ಕಳಿಸುವ ಎಲ್ಲರಿಗೂ ಈ ಪತ್ರ. ಮಂಡಿನೋವಿಗೆ ಮದ್ದು ಕೊಡುವವರು, ಸಕ್ಕರೆ ಕಾಯಿಲೆ ನೋಡುವವರು, ಆಹಾರದ ಪಟ್ಟಿ ಬರೆದುಕೊಡುವ ಡಯಟಿಷಿಯನ್ನರು ಎಲ್ಲರೂ ಇದರಲ್ಲಿ ಸೇರಿದ್ದೀರಿ. ಹನ್ನೊಂದು ವರ್ಷ ನಾನು ನಿಮ್ಮ ಎದುರಿನ ಕುರ್ಚಿಯಲ್ಲಿ ಕೂತು ಒಂದು ವಿಷಯವನ್ನು ಮುಚ್ಚಿಟ್ಟೆ. ನೀವೂ ಅದನ್ನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ವಾರಕ್ಕೆ ಮೂರ್ನಾಲ್ಕು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ದೀಪ ಹಾಕದೆ ಫ್ರಿಜ್ಜಿನ ಬಾಗಿಲು ತೆರೆದು ಅದರ ಬೆಳಕಲ್ಲೇ ನಿಂತು ತಿನ್ನುತ್ತಿದ್ದೆ. ಕೂರುತ್ತಿರಲಿಲ್ಲ. ತಟ್ಟೆ ಹಾಕಿಕೊಳ್ಳುತ್ತಿರಲಿಲ್ಲ, ತಟ್ಟೆ ಸದ್ದು ಮಾಡುತ್ತದೆ. ಪೊಟ್ಟಣವನ್ನು ಸದ್ದಾಗದಂತೆ ಒಡೆಯುವುದು ನನಗೆ ಕರಗತವಾಗಿತ್ತು: ಒದ್ದೆ ಬಟ್ಟೆಯ ಮಡಿಕೆಯೊಳಗಿಟ್ಟುಕೊಂಡು, ಎರಡೂ ಹೆಬ್ಬೆರಳನ್ನು ಅಂಟಿನ ಗೆರೆಗೆ ಒತ್ತಿ, ಮೆಲ್ಲಗೆ ಬಿಡಿಸಬೇಕು. ಮೊದಲ ಕೆಲವು ತುತ್ತಿಗೆ ರುಚಿ ಇರುತ್ತಿತ್ತು. ಆಮೇಲೆ ಸಿಹಿಯ ಹಿಂದೆ ಖಾರ, ಖಾರದ ಹಿಂದೆ ತಂಗಳು, ಕೈಗೆ ಏನು ಸಿಕ್ಕರೆ ಅದು. ಅಗಿಯಲೂ ಪುರುಸೊತ್ತಿಲ್ಲದವರ ಹಾಗೆ ಮುಕ್ಕುತ್ತಿದ್ದೆ. ಬಗ್ಗಲಾಗದಷ್ಟು ಹೊಟ್ಟೆ ಬಿಗಿದಾಗ ಅದು ತಾನಾಗಿ ನಿಲ್ಲುತ್ತಿತ್ತು. ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿ ಮೇಲೆ ಹಳೆ ಪೇಪರ್ ಮುಚ್ಚುತ್ತಿದ್ದೆ. ಬೆಳಿಗ್ಗೆ ಯಾರೂ ಏಳುವ ಮೊದಲೇ ಹೋಗಿ, ತಿಂದು ಮುಗಿಸಿದ್ದನ್ನೆಲ್ಲ ಹೊಸದಾಗಿ ತಂದು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಇಡುತ್ತಿದ್ದೆ.

ಅಂಥದೊಂದು ರಾತ್ರಿ ಕಳೆದ ಬೆಳಿಗ್ಗೆ ನಿಮ್ಮಲ್ಲೊಬ್ಬರ ಮುಂದೆ ಕೂತಿದ್ದೆ. ಒಳ್ಳೆಯ ಮನುಷ್ಯ, ರಕ್ತದ ವರದಿಯ ಪ್ರತಿ ಸಾಲನ್ನೂ ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಆಮೇಲೆ ಡ್ರಾಯರ್‌ನಿಂದ ಒಂದು ಮುದ್ರಿತ ಹಾಳೆ ತೆಗೆದುಕೊಟ್ಟರು. ದಿನಕ್ಕೆ 1,200 ಕ್ಯಾಲೊರಿ. ‘ನಾಲಿಗೆ ಚಪಲ ಒಂದು ಬಿಟ್ಟರೆ ಸಾಕು, ಆರೇ ತಿಂಗಳು’ ಎಂದರು. ಆ ಹಾಳೆಯನ್ನು ನಾಲ್ಕು ದಿನ ಚಾಚೂ ತಪ್ಪದೆ ಪಾಲಿಸಿದೆ. ಐದನೆಯ ರಾತ್ರಿ ನಡೆದದ್ದು ಅಲ್ಲಿಯವರೆಗಿನ ಎಲ್ಲ ರಾತ್ರಿಗಳನ್ನೂ ಮೀರಿಸಿತು. ಮೂರು ತಿಂಗಳು ಬಿಟ್ಟು ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅವರ ಕಡತದಲ್ಲಿ ನಾನು ‘ಸಲಹೆ ಪಾಲಿಸದ ರೋಗಿ’ ಎಂದೇ ಉಳಿದಿರಬೇಕು.

ನನಗಿದ್ದದ್ದು ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆ. ಬೊಜ್ಜಿಗೆ ಚಿಕಿತ್ಸೆ ಪಡೆಯಲು ಬಂದವರಲ್ಲಿ ಕೆಲವರು ಹೀಗೆ ಹಿಡಿತ ತಪ್ಪಿ ತಿನ್ನುತ್ತಾರೆಂದು ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಬರೆದಿದ್ದರು. ಆದರೂ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ 1994ರಲ್ಲಿ ಸಿಕ್ಕಿದ್ದು ಅನುಬಂಧದಲ್ಲಿ ಒಂದು ಜಾಗ ಮಾತ್ರ. ಸ್ವತಂತ್ರ ಕಾಯಿಲೆಯೆಂದು ಅದು ಒಪ್ಪಿಕೊಂಡದ್ದು 2013ರ ಐದನೆಯ ಆವೃತ್ತಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ, ಅದರಲ್ಲೂ ಇದು ಪ್ರತ್ಯೇಕವಾಗಿಯೇ ಇದೆ. ಎಂದರೆ ನಿಮ್ಮಲ್ಲಿ ಅನೇಕರು ಓದು ಮುಗಿಸಿ ಹೊರಬರುವಾಗ ಪಠ್ಯದಲ್ಲಿ ಈ ಅಧ್ಯಾಯವೇ ಇದ್ದಿರಲಾರದು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಈಗ ಇದೆ.

‘ಎಲ್ಲರೂ ಒಮ್ಮೊಮ್ಮೆ ಜಾಸ್ತಿ ತಿಂತಾರೆ’ ಎಂಬ ಸಮಾಧಾನದ ಮಾತನ್ನು ನಿಮ್ಮ ಬಾಯಿಂದ ಕೇಳಿದ್ದೇನೆ. ನಿಜ, ತಿನ್ನುತ್ತಾರೆ. ಖುಷಿಗೆ ತಿನ್ನುತ್ತಾರೆ, ರುಚಿಗೆ ತಿನ್ನುತ್ತಾರೆ, ಹೊಟ್ಟೆ ಭಾರವಾಯಿತೆಂದು ಗೊಣಗಿ ಮಲಗುತ್ತಾರೆ. ಬಿಂಜ್ ಬೇರೆ. ಅದರಲ್ಲಿ ಕೈ ನನ್ನದು, ಬಾಯಿ ನನ್ನದು, ಸಾಕು ಎನ್ನುವವರು ಮಾತ್ರ ಒಳಗೆ ಯಾರೂ ಇರುವುದಿಲ್ಲ. ಕೈಪಿಡಿಯೂ ಇದನ್ನೇ ಹಿಡಿಯುತ್ತದೆ: ಎರಡು ಗಂಟೆಯಂಥ ಸೀಮಿತ ಅವಧಿಯಲ್ಲಿ ಬೇರೆಯವರು ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ನಿಲ್ಲಿಸಲಾಗುತ್ತಿಲ್ಲ ಎಂಬ ಭಾವ, ಮೂರು ತಿಂಗಳ ಕಾಲ ಸರಾಸರಿ ವಾರಕ್ಕೆ ಒಮ್ಮೆಯಾದರೂ. ಜೊತೆಗೆ ಗಬಗಬ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ನೋವಾಗುವಷ್ಟು ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತನ್ನ ಮೇಲೇ ಹೇಸಿಗೆ ಪಡುವುದು, ಇವುಗಳಲ್ಲಿ ಕನಿಷ್ಠ ಮೂರು. ನನಗೆ ಐದೂ ಇದ್ದವು. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತಿಂದ ಪ್ರಮಾಣ ಹೊರಗಿನವರ ಕಣ್ಣಿಗೆ ದೊಡ್ಡದಾಗಿ ಕಾಣದಿದ್ದರೂ, ಹಿಡಿತ ತಪ್ಪಿದ್ದರೆ ಅದು ಬಿಂಜ್ ಆಗಬಹುದು ಎನ್ನುತ್ತದೆ.

ಇದು ಅಪರೂಪದ್ದೂ ಅಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರ ಪ್ರಕಾರ ಅಲ್ಲಿನ ಹೆಂಗಸರಲ್ಲಿ ಶೇ 3.5 ಮತ್ತು ಗಂಡಸರಲ್ಲಿ ಶೇ 2ರಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದಿರುತ್ತದೆ. ತೂಕ ಏರುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ, ಮುಕ್ಕಿದ್ದನ್ನು ವಾಂತಿ ಮುಂತಾದವುಗಳಿಂದ ಹೊರಹಾಕುವ ಬುಲಿಮಿಯಾ, ಈ ಎರಡು ಕಾಯಿಲೆಗಳನ್ನೂ ಕೂಡಿಸಿದರೂ ಇಷ್ಟಾಗುವುದಿಲ್ಲ. ಆ ಗಂಡಸರ ಅಂಕಿಯನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಗಂಡಸು ಸಿಕ್ಕಾಪಟ್ಟೆ ತಿಂದರೆ ಗಟ್ಟಿ ಆಳು ಎಂದು ಬೆನ್ನು ತಟ್ಟುವವರ ನಡುವೆ, ‘ನನಗೆ ನಿಲ್ಲಿಸೋಕೆ ಆಗ್ತಿಲ್ಲ’ ಎಂದು ಅವನು ಯಾರ ಬಳಿ ಹೇಳಿಕೊಳ್ಳಬೇಕು?

ಇನ್ನು ನೀವು ಕೊಟ್ಟ ಹಾಳೆಯ ಮಾತು.

1944ರ ಕೊನೆಯಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಇಪ್ಪತ್ನಾಲ್ಕು ವಾರ ಅವರಿಗೆ ಅರೆಹೊಟ್ಟೆ. ಅವರು ತಮ್ಮ ತೂಕದ ಸುಮಾರು ಕಾಲು ಭಾಗ ಕಳೆದುಕೊಂಡರು. ಅದು ನಿರೀಕ್ಷಿತವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಉಳಿದದ್ದು. ಅಡುಗೆಯ ಗೊಡವೆಯೇ ಇಲ್ಲದಿದ್ದ ಯುವಕರು ಅಡುಗೆ ಪುಸ್ತಕಗಳನ್ನು ಓದುತ್ತ ಕೂತರು. ತಟ್ಟೆ ನೆಕ್ಕಿದರು. ಮಾತೆಲ್ಲ ಊಟದ್ದೇ, ಕನಸೂ ಊಟದ್ದೇ. ಮತ್ತೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಅವರಲ್ಲಿ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿ ಸಿಗದೆ ಒದ್ದಾಡಿದರು. ಮನಸ್ಸು, ಮೈ ಎರಡೂ ಗಟ್ಟಿಯಿವೆ ಎಂದು ಪರೀಕ್ಷಿಸಿಯೇ ಆರಿಸಿದವರು ಇವರು. ಇವರಿಗೂ ನಾಲಿಗೆ ಚಪಲ ಎನ್ನೋಣವೇ?

1975ರ ಇನ್ನೊಂದು ಪ್ರಯೋಗ ಚಿಕ್ಕದು, ನನಗೆ ಮಾತ್ರ ಕನ್ನಡಿ ಹಿಡಿದ ಹಾಗಿತ್ತು. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟು ರುಚಿ ಹೇಳಿ ಎಂದರು. ಡಯಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡೇ ಇರುವವರು, ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ‘ಹೇಗಿದ್ದರೂ ಕೆಟ್ಟಿತಲ್ಲ, ಇನ್ನೇನು’ ಎಂಬ ಆ ಒಂದು ಯೋಚನೆ ಅಷ್ಟು ಬಲಶಾಲಿ. ನನ್ನ ಐದನೆಯ ರಾತ್ರಿ ಶುರುವಾದದ್ದು ನಿಮ್ಮ ಪಟ್ಟಿಯಲ್ಲಿಲ್ಲದ ಒಂದೇ ಒಂದು ತುಣುಕಿನಿಂದ.

ಎಲ್ಲರಿಗೂ ಇದು ಡಯಟ್‌ನಿಂದಲೇ ಹುಟ್ಟುತ್ತದೆ ಎಂದರೆ ಸುಳ್ಳಾಗುತ್ತದೆ. ಡಯಟ್ ಎಂಬ ಪದ ಗೊತ್ತಾಗುವ ಮೊದಲೇ, ಎಳವೆಯಲ್ಲೇ, ಬಿಂಜ್ ಶುರುವಾದವರಿದ್ದಾರೆ. ಸರಿಯಾದ ಮೇಲ್ವಿಚಾರಣೆಯಲ್ಲಿ ನಡೆಯುವ ತೂಕ ಇಳಿಕೆಯ ಕಾರ್ಯಕ್ರಮಗಳಲ್ಲಿ ಬಿಂಜ್ ಕಡಿಮೆಯಾದವರೂ ಇದ್ದಾರೆ. ಆದರೆ ಡ್ರಾಯರ್‌ನಿಂದ ತೆಗೆದ ಹಾಳೆಗೆ ಮೇಲ್ವಿಚಾರಣೆ ಎಲ್ಲಿಂದ ಬರಬೇಕು?

ಕೊನೆಗೆ ನನ್ನನ್ನು ಕೇಳಿದ್ದು ಒಬ್ಬ ಯುವ ವೈದ್ಯೆ. ಬೇರೊಬ್ಬರ ಬದಲಿಗೆ ಅಂದು ಕೂತಿದ್ದರು, ನಾನು ಹೋಗಿದ್ದೂ ಕೆಮ್ಮಿಗೆ. ಹಳೆಯ ಕಡತ ತಿರುವಿ ಹಾಕುತ್ತಿದ್ದವರು ಏರಿಳಿದ ತೂಕದ ಅಂಕಿಗಳನ್ನು ಕಂಡು ಪೆನ್ನು ಕೆಳಗಿಟ್ಟರು. ‘ತಿನ್ನೋಕೆ ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗಲ್ಲ ಅಂತ ಯಾವಾಗಾದರೂ ಅನಿಸಿದೆಯಾ? ತುಂಬ ಜನರಿಗೆ ಹಾಗಾಗುತ್ತೆ, ಅದಕ್ಕೆ ಚಿಕಿತ್ಸೆ ಇದೆ.’ ಅಷ್ಟೇ ಅವರು ಹೇಳಿದ್ದು. ನಾನು ಬಹಳ ಹೊತ್ತು ನೆಲ ನೋಡುತ್ತಿದ್ದೆ. ಅವರು ಕಾದರು. ‘ವಾರಕ್ಕೆ ನಾಲ್ಕು ಸಲ’ ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದು ನನ್ನ ಬಾಯಿಂದ ಹೊರಬಿದ್ದಿತ್ತು.

ಅಲ್ಲಿಂದ ನನ್ನನ್ನು ಒಬ್ಬ ಥೆರಪಿಸ್ಟ್ ಬಳಿಗೆ ಕಳಿಸಿದರು. ಸಿಬಿಟಿ ಎಂದು ಕರೆಯುವ ಅರಿವಿನ-ವರ್ತನೆಯ ಚಿಕಿತ್ಸೆ. ತಿನ್ನುವ ತೊಂದರೆಗಳಿಗೆ ಇದರ ರೂಪ ಕೊಟ್ಟವರು ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟಫರ್ ಫೇರ್‌ಬರ್ನ್, ಮೊದಲು ಬುಲಿಮಿಯಾಕ್ಕೆಂದು, 1981ರಲ್ಲಿ. ಚಿಕಿತ್ಸೆಯೆಂದರೆ ಬಾಲ್ಯದ ಕಥೆ ಹೇಳಿ ಅಳುವುದು ಎಂದುಕೊಂಡು ಹೋಗಿದ್ದೆ. ಕೈಗೆ ಸಿಕ್ಕಿದ್ದು ಗೆರೆ ಹಾಕಿದ ಹಾಳೆಗಳು. ಎಷ್ಟು ಗಂಟೆ, ಏನು ತಿಂದೆ, ಎಲ್ಲಿ, ಹಿಡಿತ ತಪ್ಪಿತು ಅನಿಸಿದರೆ ಒಂದು ನಕ್ಷತ್ರ, ಆಗ ಏನು ನಡೆಯುತ್ತಿತ್ತು. ಕ್ಯಾಲೊರಿಗೆ ಖಾನೆಯೇ ಇರಲಿಲ್ಲ. ತಿಂದ ತಕ್ಷಣ ಬರೆಯಬೇಕು, ಮಲಗುವಾಗ ನೆನಪಿಸಿಕೊಂಡು ಬರೆದರೆ ಆಗದು ಎಂದರು. ಮೊದಲ ವಾರದ ಒಂದು ಸಾಲು ಈಗಲೂ ನನ್ನ ಬಳಿ ಇದೆ: ‘ರಾತ್ರಿ 11.40, ನಿಂತುಕೊಂಡು, ನಕ್ಷತ್ರ.’ ಕೈ ನಡುಗಿದ್ದು ಅಕ್ಷರದಲ್ಲೇ ಕಾಣುತ್ತದೆ.

ಎರಡು ವಾರದ ಬಳಿಕ ಥೆರಪಿಸ್ಟ್ ಹದಿನಾಲ್ಕು ಹಾಳೆಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದರು. ಏನೂ ವಿವರಿಸದೆ, ನಕ್ಷತ್ರವಿದ್ದ ಹಾಳೆಗಳ ಮೇಲ್ಭಾಗಕ್ಕೆ ಒಂದೊಂದಾಗಿ ಬೆರಳಿಟ್ಟರು. ಖಾಲಿ. ಖಾಲಿ. ಖಾಲಿ. ಹಿಂದಿನ ರಾತ್ರಿಯ ಪ್ರಾಯಶ್ಚಿತ್ತಕ್ಕೆಂದು ನಾನು ಬೆಳಿಗ್ಗೆ ಏನೂ ತಿಂದಿರಲಿಲ್ಲ, ಮಧ್ಯಾಹ್ನ ಅರ್ಧ ಹೊಟ್ಟೆ. ಕತ್ತಲಾಗುವ ಹೊತ್ತಿಗೆ ದೇಹ ಸಾಲ ವಸೂಲಿಗೆ ನಿಲ್ಲುತ್ತಿತ್ತು. ಹನ್ನೊಂದು ವರ್ಷ ನಾನು ಚಪಲ ಎಂದು ಬೈದುಕೊಂಡದ್ದರಲ್ಲಿ ಎಷ್ಟೋ ಪಾಲು ಬರೀ ಹಸಿವು.

ಆದ್ದರಿಂದ ಚಿಕಿತ್ಸೆಯ ಮೊದಲ ಆದೇಶ ತಿನ್ನು ಎಂಬುದಾಗಿತ್ತು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಬಿಡುವಂತಿಲ್ಲ. ರಾತ್ರಿ ಬಿಂಜ್ ಆಗಿದ್ದರೂ ಬೆಳಗಿನ ತಿಂಡಿ ತಪ್ಪಿಸುವಂತಿಲ್ಲ. ಈ ಕೊನೆಯ ನಿಯಮದಷ್ಟು ಕಷ್ಟದ್ದನ್ನು ನಾನು ಬದುಕಿನಲ್ಲಿ ಮಾಡಿಲ್ಲ. ಹೊಟ್ಟೆಯಲ್ಲಿ ಹಿಂದಿನ ರಾತ್ರಿಯದ್ದೇ ಭಾರವಿರುವಾಗ, ತಟ್ಟೆ ಹಾಕಿಕೊಂಡು, ಕುರ್ಚಿ ಎಳೆದು ಕೂತು ತಿನ್ನಬೇಕು. ತೂಕ ಹಾರಿಹೋಗುತ್ತದೆ ಎಂದು ಹೆದರಿದ್ದೆ. ಹಾರಲಿಲ್ಲ. ಆರನೆಯ ವಾರಕ್ಕೆ ನಕ್ಷತ್ರ ವಾರಕ್ಕೆ ಒಂದಕ್ಕೆ ಇಳಿದಿತ್ತು.

ಉಳಿದ ಆ ಒಂದಕ್ಕೆ ಹಸಿವು ಕಾರಣವಾಗಿರಲಿಲ್ಲ. ಹಾಳೆಯ ಕೊನೆಯ ಖಾನೆ ಅದನ್ನು ಹೇಳುತ್ತಿತ್ತು: ಅವತ್ತು ಯಾರಾದರೂ ಏನೋ ಅಂದಿರುತ್ತಿದ್ದರು, ನಾನು ತಿರುಗಿ ಏನೂ ಅಂದಿರುತ್ತಿರಲಿಲ್ಲ. ನುಂಗಿಕೊಂಡ ಮಾತು ರಾತ್ರಿ ತುತ್ತಾಗಿ ನುಂಗಿಸಿಕೊಳ್ಳುತ್ತಿತ್ತು. ತಿನ್ನಬೇಕೆಂಬ ಸೆಳೆತ ಅಲೆಯಂತೆ ಏರುತ್ತದೆ, ಏರಿದ್ದು ಇಳಿಯುತ್ತದೆ ಎಂದು ಕಲಿತದ್ದು ಆಗಲೇ. ಇಪ್ಪತ್ತು ನಿಮಿಷ ಗಡಿಯಾರ ಇಟ್ಟುಕೊಂಡು ಬೇರೆ ಕೋಣೆಯಲ್ಲಿ ಕೂರುವುದು, ಒಬ್ಬರಿಗೆ ಫೋನ್ ಮಾಡುವುದು, ಸ್ನಾನ ಮಾಡುವುದು. ಕೆಲವೊಮ್ಮೆ ಅಲೆ ಗೆದ್ದಿತು. ಆಮೇಲಿನ ತಿಂಗಳಲ್ಲಿ ‘ಎಂದಿಗೂ ಮುಟ್ಟಬಾರದು’ ಎಂದು ನಾನು ಇಟ್ಟುಕೊಂಡಿದ್ದ ತಿನಿಸುಗಳ ಪಟ್ಟಿಯನ್ನೇ ಕೈಗೆತ್ತಿಕೊಂಡೆವು. ಅದರಿಂದ ಒಂದನ್ನು ಆರಿಸಿ, ದೀಪ ಹಾಕಿ, ಮನೆಯವರ ಎದುರಿಗೆ, ತಟ್ಟೆಯಲ್ಲಿಟ್ಟುಕೊಂಡು ತಿಂದೆ. ಪೊಟ್ಟಣ ಒಡೆದಾಗ ಪರಪರ ಸದ್ದಾಯಿತು. ಯಾರೂ ತಲೆ ಎತ್ತಲಿಲ್ಲ. ಅರ್ಧಕ್ಕೇ ಸಾಕಾಯಿತು, ಉಳಿದದ್ದು ಮೂರು ದಿನ ಅಲ್ಲೇ ಇತ್ತು.

ಇದು ನನ್ನೊಬ್ಬರ ಅದೃಷ್ಟದ ಕಥೆ ಎಂದುಕೊಳ್ಳಬೇಡಿ. ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಚಿಕಿತ್ಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಮೊದಲು ಸಿಬಿಟಿ ಆಧರಿಸಿದ ಸ್ವಸಹಾಯದ ಪಠ್ಯ, ಅದರ ಜೊತೆ ನಡುನಡುವೆ ಚುಟುಕಾದ ಭೇಟಿಗಳು. ನಾಲ್ಕು ವಾರದಲ್ಲಿ ಅದು ಹಿಡಿಯದಿದ್ದರೆ ಗುಂಪಿನಲ್ಲಿ ಸಿಬಿಟಿ, ವಾರಕ್ಕೊಮ್ಮೆ ತೊಂಬತ್ತು ನಿಮಿಷದಂತೆ ಸುಮಾರು ನಾಲ್ಕು ತಿಂಗಳಲ್ಲಿ 16 ಸಲ. ಗುಂಪು ಇಲ್ಲದಿದ್ದರೆ ಅಥವಾ ಒಗ್ಗದಿದ್ದರೆ ಒಬ್ಬರಿಗೊಬ್ಬರು ಕೂತು 16ರಿಂದ 20 ಭೇಟಿ. ಬರೀ ಮಾತ್ರೆಯೊಂದನ್ನೇ ಚಿಕಿತ್ಸೆಯಾಗಿ ಕೊಡಬೇಡಿ ಎಂದೂ ಹೇಳುತ್ತದೆ. ಸಂಬಂಧಗಳಲ್ಲಿನ ತೊಡಕನ್ನು ಹಿಡಿದು ಹೋಗುವ ಐಪಿಟಿ ಎಂಬ ಇನ್ನೊಂದು ಥೆರಪಿಯಿದೆ. ಇನ್ನೂರಕ್ಕೂ ಹೆಚ್ಚು ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಎರಡು ವರ್ಷದ ಬಳಿಕ ನೋಡಿದಾಗ, ಬಿಂಜ್ ನಿಲ್ಲಿಸುವುದರಲ್ಲಿ ಐಪಿಟಿಯೂ ಮಾರ್ಗದರ್ಶನದ ಸ್ವಸಹಾಯವೂ ಬರೀ ತೂಕ ಇಳಿಸುವ ಕಾರ್ಯಕ್ರಮಕ್ಕಿಂತ ಮುಂದಿದ್ದವು. ಭಾವನೆಗಳ ಬಿರುಗಾಳಿ ತಡೆಯಲಾಗದವರಿಗೆ, ಅದನ್ನು ನಿಭಾಯಿಸಲು ಕಲಿಸುವ ಡಿಬಿಟಿ ಎಂಬ ಥೆರಪಿ ಇದೆ. ಲಿಸ್‌ಡೆಕ್ಸಾಂಫೆಟಮೈನ್ ಎಂಬ ಔಷಧಿಗೆ ಅಮೆರಿಕದ ಔಷಧ ನಿಯಂತ್ರಕರು 2015ರಲ್ಲಿ ಒಪ್ಪಿಗೆ ಕೊಟ್ಟದ್ದು ಮಧ್ಯಮ ಮತ್ತು ತೀವ್ರ ಬಿಂಜ್‌ಗೆ, ತೂಕ ಇಳಿಸಲಿಕ್ಕೆ ಅಲ್ಲ. ಚಟವಾಗುವ ಅಪಾಯವೂ ಅದಕ್ಕಿದೆ.

ಒಳ್ಳೆಯ ಥೆರಪಿ ಸಿಕ್ಕರೂ ಬಿಂಜ್ ಪೂರ್ತಿ ನಿಲ್ಲುವುದು ಸುಮಾರು ಅರ್ಧದಷ್ಟು ಜನರಿಗೆ. ಉಳಿದವರಲ್ಲಿ ಹಲವರಿಗೆ ಕಡಿಮೆಯಾಗುತ್ತದೆ. ತೂಕ ಬಹಳ ಇಳಿಯುತ್ತದೆಂಬ ಆಸೆ ಹುಟ್ಟಿಸಬೇಡಿ, ಥೆರಪಿಯಿಂದ ತೂಕದ ಮೇಲಾಗುವ ಪರಿಣಾಮ ಅಲ್ಪ. ಇದನ್ನು ಮೊದಲೇ ತಿಳಿಸಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ನನ್ನ ತೂಕವೂ ಹೆಚ್ಚೇನು ಇಳಿದಿಲ್ಲ. ಆದರೆ ರಾತ್ರಿ ನಿದ್ದೆ ಮಾಡುತ್ತೇನೆ. ಕಳೆದ ವರ್ಷ ಎರಡು ಸಲ ಜಾರಿದೆ, ಎರಡೂ ಸಲ ಮರುದಿನ ಬೆಳಿಗ್ಗೆ ತಿಂಡಿ ತಿಂದೆ. ಒಮ್ಮೆ ಎಡವಿದ್ದಕ್ಕೂ ಬಿದ್ದೇ ಹೋದದ್ದಕ್ಕೂ ಇರುವ ವ್ಯತ್ಯಾಸ ನನಗೆ ಈಗ ಗೊತ್ತು.

ನಿಮ್ಮಲ್ಲಿ ನಾನು ಬೇಡುವುದು ದೊಡ್ಡದೇನಲ್ಲ. ಆಹಾರದ ಪಟ್ಟಿ ಕೊಡುವ ಮೊದಲು, ಆ ಯುವ ವೈದ್ಯೆ ಕೇಳಿದ ಪ್ರಶ್ನೆಯನ್ನು ಕೇಳಿ. ದಪ್ಪಗಿರುವವರನ್ನಷ್ಟೇ ಕೇಳಿದರೆ ಸಾಲದು, ಮೈ ನೋಡಿ ಇದನ್ನು ಹೇಳಲು ಬರುವುದಿಲ್ಲ, ಸಾಧಾರಣ ತೂಕದವರಲ್ಲೂ ಇದು ಇರುತ್ತದೆ. ಸಕ್ಕರೆ ಅಂಶ ಕಾರಣವಿಲ್ಲದೆ ಏರಿಳಿಯುವವರನ್ನು ಕೇಳಿ. ಹೊಟ್ಟೆ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸುವ ಮೊದಲು ತಪ್ಪದೆ ಕೇಳಿ. ಹೌದು ಎಂದರೆ, ಆಮೇಲೆ ವಾಂತಿ ಮಾಡಿಕೊಳ್ಳುತ್ತೀರಾ, ಭೇದಿಯ ಮಾತ್ರೆ ನುಂಗುತ್ತೀರಾ ಎಂದೂ ಕೇಳಿ. ಹಾಗಿದ್ದರೆ ಅದು ಬುಲಿಮಿಯಾ ಇರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದು, ಪರೀಕ್ಷೆ ತಡಮಾಡಬಾರದು. ಖಿನ್ನತೆಯನ್ನೂ ಬದುಕು ಬೇಡವೆನಿಸುವುದನ್ನೂ ಕೇಳಿ. ಎಷ್ಟೋ ಜನರಲ್ಲಿ ಇವು ಜೊತೆಜೊತೆಗೇ ಇರುತ್ತವೆ, ನನ್ನಲ್ಲೂ ಇದ್ದವು. ಹತ್ತಿರದಲ್ಲಿ ಥೆರಪಿಸ್ಟ್ ಇಲ್ಲ ಎನ್ನುತ್ತೀರೇನೋ. ಮಾರ್ಗದರ್ಶನದ ಸ್ವಸಹಾಯಕ್ಕೆ ತರಬೇತಿ ಪಡೆದ ಒಬ್ಬ ನರ್ಸ್, ಒಂದಿಷ್ಟು ಗೆರೆ ಹಾಕಿದ ಹಾಳೆ, ಕೆಲವು ಚಿಕ್ಕ ಭೇಟಿ ಸಾಕು, ಆರಂಭಕ್ಕೆ.

ತೂಕ ನೋಡಲೇಬೇಕಾದಾಗ ಅಂಕಿಯನ್ನು ಕೂಗಿ ಹೇಳಬೇಡಿ, ಹೊರಗೆ ಕೂತವರಿಗೂ ಕೇಳಿಸುತ್ತದೆ.

ಇನ್ನೊಂದೇ ಒಂದು. ಮೂರು ತಿಂಗಳು ಬಿಟ್ಟು ಬನ್ನಿ ಎಂದು ನೀವು ಹೇಳಿ ಕಳಿಸಿದ ಮೇಲೆ ಬಾರದೇ ಹೋದವರ ಹೆಸರುಗಳು ನಿಮ್ಮ ಕಡತದಲ್ಲಿ ಇರುತ್ತವೆ. ಮುಂದಿನ ವಾರ ಬಿಡುವಾದಾಗ ಆ ಕಡತ ತೆಗೆದು ನೋಡಿ. ತೂಕದ ಅಂಕಿ ಏರಿ, ಇಳಿದು, ಮತ್ತೆ ಏರಿದ ಹೆಸರುಗಳನ್ನು ಬೇರೆ ಬರೆದುಕೊಳ್ಳಿ. ತೂಕ ನೋಡುವುದಿಲ್ಲ, ಸುಮ್ಮನೆ ಮಾತಾಡೋಣ ಬನ್ನಿ ಎಂದು ಅವರಿಗೊಂದು ಫೋನ್ ಮಾಡಿಸಿ.

ಇಂತಿ,
ನಿಮ್ಮ ಹಳೆಯ ರೋಗಿ